ಒಂದು ಮನೆ, ಮೂರು ಹೊಟ್ಟೆ: ಒಂದು ವಾರದ ಭೇದಿಯ ಪ್ರಕರಣ

ಸೋಮವಾರ ರಾತ್ರಿ 11 ದಾಟಿತ್ತು. ತಂಗಿಯ ಫೋನು.

“ಅಕ್ಕಾ, ಮಲಗಿದ್ಯಾ? ಪುಟ್ಟಿಗೆ ಮಧ್ಯಾಹ್ನದಿಂದ ವಾಂತಿ. ಸಂಜೆಯಿಂದ ಭೇದಿ ಬೇರೆ. ಆರು ಸಲ ಆಯ್ತು. ಒಆರ್‌ಎಸ್ ಕೊಡ್ತಿದೀನಿ, ಬಾಯಿಗೆ ಹಾಕಿದ ತಕ್ಷಣ ಉಗೀತಾಳೆ.”

“ಹೇಗೆ ಕಲಸಿದೆ?”

“ಅರ್ಧ ಪ್ಯಾಕೆಟ್ ಹಾಕ್ದೆ. ಚಿಕ್ಕ ಮಗು ಅಲ್ವಾ, ಪೂರ್ತಿ ಯಾಕೆ ಅಂತ.”

“ಎಷ್ಟು ನೀರಿಗೆ?”

“ಅವಳ ಬಾಟ್ಲಿಗೆ.”

“ಅದು ಎಷ್ಟು ಹಿಡಿಯುತ್ತೆ?”

ಆ ಕಡೆ ಸದ್ದಿಲ್ಲ. ಬಾಟಲಿ ತಿರುಗಿಸಿ ಗೆರೆ ನೋಡುತ್ತಿದ್ದಳು ಅಂತ ಕಾಣುತ್ತದೆ. “ನೂರೈವತ್ತು ಎಂಎಲ್.”

ನಾನು ಎದ್ದು ಕೂತೆ.

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಹಲವು ವರ್ಷ ಕಳೆದಿದ್ದೇನೆ. ಭೇದಿ ನನಗೆ ಹೊಸದಲ್ಲ. ಆದರೆ ಆ ವಾರ ತಂಗಿಯ ಮನೆಯಲ್ಲಿ ನಡೆದದ್ದರಲ್ಲಿ ನಾನೂ ಒಂದು ಕಡೆ ಎಡವಿದೆ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಮನೆಯಲ್ಲಿ ನಾಲ್ಕು ಜನ. 14 ತಿಂಗಳ ಪುಟ್ಟಿ, ತಂಗಿ, ತಂಗಿಯ ಗಂಡ, ಮತ್ತು ತಂಗಿಯ ಅತ್ತೆ, ಅಂದರೆ ಪುಟ್ಟಿಯ ಅಜ್ಜಿ, 71 ವರ್ಷ. ತಂಗಿಯೊಬ್ಬಳನ್ನು ಬಿಟ್ಟು ಉಳಿದ ಮೂವರ ಹೊಟ್ಟೆಯೂ ಕೆಟ್ಟಿತು. ಬಹುಶಃ ಒಂದೇ ರೋಗಾಣು. ಆದರೆ ಮೂವರ ಕಥೆಯೂ ಬೇರೆ ಬೇರೆ.

ಮೊದಲು ಆ ಬಾಟಲಿಯ ವಿಷಯ. ಒಆರ್‌ಎಸ್ ಪ್ಯಾಕೆಟ್ ಮಾತ್ರೆಯಂತಲ್ಲ. ದೊಡ್ಡವರಿಗೆ ಪೂರ್ತಿ, ಚಿಕ್ಕವರಿಗೆ ಅರ್ಧ ಅನ್ನುವ ಲೆಕ್ಕ ಅದಕ್ಕಿಲ್ಲ. ಪುಡಿಗೂ ನೀರಿಗೂ ಇರುವ ಅಳತೆ ಎಲ್ಲರಿಗೂ ಒಂದೇ. ಬದಲಾಗುವುದು ಎಷ್ಟು ಕುಡಿಸುತ್ತೇವೆ ಅನ್ನುವುದು ಮಾತ್ರ. ತಂಗಿಯ ಕೈಯಲ್ಲಿದ್ದದ್ದು 1 ಲೀಟರ್ ನೀರಿಗೆ ಕಲಸುವ ಪ್ಯಾಕೆಟ್. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಅದರಲ್ಲಿ 20.5 ಗ್ರಾಂ ಪುಡಿ ಇರುತ್ತದೆ: 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಅದರ ಅರ್ಧಕ್ಕೆ ಅರ್ಧ ಲೀಟರ್ ನೀರು ಬೇಕು. ಅವಳು ಹಾಕಿದ್ದು 150 ಮಿಲಿ. ಅಂದರೆ ಮೂರು ಪಟ್ಟಿಗಿಂತ ಜಾಸ್ತಿ ಗಟ್ಟಿ. ಆ ಬಾಟಲಿಯಲ್ಲಿದ್ದ ಸೋಡಿಯಂ ಹೆಚ್ಚುಕಡಿಮೆ ಸಮುದ್ರದ ನೀರಿನ ಅರ್ಧದಷ್ಟಿತ್ತು.

ಪುಟ್ಟಿ ಉಗುಳಿದ್ದೇ ಒಳ್ಳೆಯದಾಯಿತು. ಅಷ್ಟು ಉಪ್ಪು ಒಳಗೆ ಹೋದರೆ ಅದು ಮೈಯಲ್ಲಿರುವ ನೀರನ್ನೇ ಎಳೆಯುತ್ತದೆ. ರಕ್ತದಲ್ಲಿ ಸೋಡಿಯಂ ಏರುತ್ತದೆ, ಮಗುವಿಗೆ ಫಿಟ್ಸ್ ಬರಬಹುದು. ಇಂಥ ತಪ್ಪು ಮಾಡುವವರು ಅಜಾಗರೂಕರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನನ್ನ ತಂಗಿ ಅಂಗಿಯ ಗುಂಡಿ ಹಾಕುವಾಗಲೂ ಎರಡು ಸಲ ನೋಡುವವಳು. ಪ್ಯಾಕೆಟ್ಟುಗಳು ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ. ಕೆಲವು 1 ಲೀಟರಿಗೆ, ಕೆಲವು 200 ಮಿಲಿಗೆ. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮಡಿಲಲ್ಲಿ ವಾಂತಿ ಮಾಡುತ್ತಿರುವ ಮಗು ಇರುವಾಗ ಅದನ್ನು ಯಾರು ಓದುತ್ತಾರೆ?

“ಅದನ್ನ ಚೆಲ್ಲು,” ಅಂದೆ. “1 ಲೀಟರ್ ನೀರಿನ ಬಾಟ್ಲಿ ತಗೋ, ಕುದಿಸಿ ಆರಿಸಿದ ನೀರು ತುಂಬು. ಹೊಸ ಪ್ಯಾಕೆಟ್ ಪೂರ್ತಿ ಸುರಿ. ಕಲಸಿದ ಮೇಲೆ ಮತ್ತೆ ಕುದಿಸಬೇಡ. ಸಕ್ಕರೆ, ಹಾಲು, ಜ್ಯೂಸ್ ಏನೂ ಸೇರಿಸಬೇಡ. ನಾಳೆ ಈ ಹೊತ್ತಿಗೆ ಎಷ್ಟೇ ಉಳಿದಿದ್ದರೂ ಚೆಲ್ಲಿ ಬೇರೆ ಮಾಡು.”

“ಕುಡಿದ ತಕ್ಷಣ ವಾಂತಿ ಮಾಡ್ತಾಳಲ್ಲ?”

“ವಾಂತಿ ಆದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡು. ಆಮೇಲೆ ಚಮಚದಲ್ಲಿ. ಒಂದು ಚಮಚ, ಎರಡು ನಿಮಿಷ ತಡಿ, ಇನ್ನೊಂದು ಚಮಚ. ಬಾಟ್ಲಿ ಬಾಯಿಗಿಟ್ಟರೆ ಬಾಯಾರಿಕೆಗೆ ಗಟಗಟ ಕುಡೀತಾಳೆ, ಹೊಟ್ಟೆ ವಾಪಸ್ ಕಳಿಸುತ್ತೆ.”

ಎದೆಹಾಲು ನಿಲ್ಲಿಸಬೇಡ ಅಂತಲೂ ಹೇಳಿದೆ. ಇಷ್ಟಾದ ಮೇಲೆ ಒಂದು ಕಾಗದ ತೆಗೆದುಕೊಂಡು ಮೂರು ಕಲಂ ಎಳೆಯಲು ಹೇಳಿದೆ: ಏನು ಕುಡಿದಳು, ಎಷ್ಟು ಸಲ ಭೇದಿ, ಉಚ್ಚೆ ಯಾವಾಗ. ಈ ಮೂರನೆಯ ಕಲಮನ್ನೇ ಜನ ಮರೆಯುತ್ತಾರೆ. ಮನೆಮಂದಿಯೆಲ್ಲ ಎಷ್ಟು ಸಲ ಹೋಯಿತು ಅಂತ ಎಣಿಸುತ್ತಾ ಕೂರುತ್ತಾರೆ. ನಾವು ವಾರ್ಡಿನಲ್ಲಿ ಮೊದಲು ಕೇಳುವುದು ಕೊನೆಯ ಸಲ ಉಚ್ಚೆ ಯಾವಾಗ ಹೊಯ್ದಿತು ಅಂತ.

ಯಾಕೆ ಅಂದರೆ, ಭೇದಿ ಅನ್ನುವುದು ಕರುಳಿನ ಜಮಾ–ಖರ್ಚು ತಪ್ಪುವುದು. ದೊಡ್ಡವರ ಕರುಳಿನಲ್ಲಿ ದಿನಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಹರಿಯುತ್ತದೆ. ಅದರಲ್ಲಿ ಬಾಯಿಂದ ಹೋಗುವುದು ಸುಮಾರು 2 ಲೀಟರ್ ಮಾತ್ರ. ಉಳಿದದ್ದು ಜೊಲ್ಲು, ಜಠರದ ರಸ, ಪಿತ್ತ, ಕರುಳೇ ಒಸರುವ ರಸ. ಇಷ್ಟನ್ನೂ ಕರುಳು ವಾಪಸ್ ಹೀರಿಕೊಂಡು, ಮಲದಲ್ಲಿ ಹೊರಗೆ ಬಿಡುವುದು 100–200 ಮಿಲಿ. ವೈರಸ್ ಬಂದು ಹೀರುವ ಪದರವನ್ನು ಕೆಡಿಸಿದರೆ, ಅಥವಾ ಬ್ಯಾಕ್ಟೀರಿಯಾದ ವಿಷ ಒಸರುವಿಕೆಯನ್ನು ಹೆಚ್ಚಿಸಿದರೆ, ಲೆಕ್ಕ ಬುಡಮೇಲು. ಹೊರಗೆ ಹೋಗುವುದು ಬರೀ ನೀರಲ್ಲ. ಸೋಡಿಯಂ ಹೋಗುತ್ತದೆ, ಪೊಟ್ಯಾಸಿಯಂ ಹೋಗುತ್ತದೆ. ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಇದರಿಂದ. ಜಗತ್ತಿನಲ್ಲಿ ಈಗಲೂ ವರ್ಷಕ್ಕೆ 5 ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಿದ್ದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ, ಅಥವಾ ಆ ವ್ಯಕ್ತಿಯ ಮಾಮೂಲಿಗಿಂತ ಜಾಸ್ತಿ ಸಲ ಹೋದರೆ ಅದು ಭೇದಿ. ಎದೆಹಾಲು ಮಾತ್ರ ಕುಡಿಯುವ ಕೂಸು ದಿನಕ್ಕೆ ಆರೇಳು ಸಲ ಮೆತ್ತಗೆ ಹೋದರೆ ಅದು ಭೇದಿಯಲ್ಲ, ಅದರ ಸ್ವಭಾವವೇ ಹಾಗೆ.

ಮಂಗಳವಾರ: 134 ಚಮಚ

ಬೆಳಿಗ್ಗೆ 7ಕ್ಕೆ ಹೋದೆ. ಕಾಗದದ ಮೂರನೆಯ ಕಲಮಿನಲ್ಲಿ ರಾತ್ರಿ 10ರ ನಂತರ ಏನೂ ಇರಲಿಲ್ಲ. ಡೈಪರ್ ಒದ್ದೆಯಿತ್ತು, ಆದರೆ ನೀರಿನಂಥ ಭೇದಿಯಲ್ಲಿ ಡೈಪರ್ ನೋಡಿ ಉಚ್ಚೆ ಯಾವುದು ಅಂತ ಹೇಳುವುದು ಕಷ್ಟ. ಡೈಪರ್ ಒಳಗೆ ಮುಂಭಾಗದಲ್ಲಿ ಒಂದು ಟಿಶ್ಯೂ ಮಡಿಸಿಟ್ಟರೆ ಸ್ವಲ್ಪ ಸುಳಿವು ಸಿಗುತ್ತದೆ. ಇದು ನನ್ನ ಉಪಾಯ ಅಷ್ಟೇ.

ಪುಟ್ಟಿ ಅಳುತ್ತಿದ್ದಳು, ಕಣ್ಣೀರಿರಲಿಲ್ಲ. ಎತ್ತಿಕೊಂಡರೂ ಕಿರಿಕಿರಿ, ಇಳಿಸಿದರೂ ಕಿರಿಕಿರಿ. ಕಣ್ಣು ಗುಳಿ ಬಿದ್ದಿತ್ತು. ಚಮಚ ಕಂಡರೆ ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟೆ. ಚೆನ್ನಾಗಿರುವ ಮಗುವಿನ ಚರ್ಮ ಬಿಟ್ಟ ಕೂಡಲೇ ಸರಕ್ಕನೆ ಕೂರುತ್ತದೆ. ಇವಳದ್ದು ಒಂದು ಕ್ಷಣ ಗುಡಾರದಂತೆ ನಿಂತು ಆಮೇಲೆ ಇಳಿಯಿತು.

ಕಿರಿಕಿರಿ, ಗುಳಿ ಬಿದ್ದ ಕಣ್ಣು, ಆತುರದ ಬಾಯಾರಿಕೆ, ನಿಧಾನವಾಗಿ ಕೂರುವ ಚರ್ಮ: ಈ ನಾಲ್ಕರಲ್ಲಿ ಎರಡು ಕಂಡರೂ ಸಾಕು, ನಿರ್ಜಲೀಕರಣ ಶುರುವಾಗಿದೆ ಅಂತ ಲೆಕ್ಕ. ಇದಕ್ಕಿಂತ ಕೆಟ್ಟದ್ದು ಅಂದರೆ, ಮಗು ಅಳುವುದನ್ನೂ ಬಿಟ್ಟು ಜೋಂಪು ಹಿಡಿದಂತೆ ಮಲಗುವುದು, ಕುಡಿಯಲೂ ಆಗದೆ ಹೋಗುವುದು, ಚರ್ಮದ ಮಡಿಕೆ ಎರಡು ಸೆಕೆಂಡಾದರೂ ಹಾಗೇ ನಿಲ್ಲುವುದು. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ‘ಸದ್ಯ, ಮಲಗಿತು’ ಅಂತ ನಿಟ್ಟುಸಿರು ಬಿಡಬೇಡಿ. ಎಬ್ಬಿಸಿ ನೋಡಿ. ಏಳದಿದ್ದರೆ ನೇರ ಆಸ್ಪತ್ರೆಗೆ, ಡ್ರಿಪ್ ಬೇಕು.

ಪುಟ್ಟಿಯನ್ನು ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಹಿಂದಿನ ವಾರ ಲಸಿಕೆಗೆ ಹೋದಾಗ ತೂಕ 9.4 ಕಿಲೋ. ಈಗ 8.9. ಅರ್ಧ ಕಿಲೋ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಅದು ಅವಳ ತೂಕದ ಶೇಕಡಾ 5ಕ್ಕಿಂತ ಜಾಸ್ತಿ. 70 ಕಿಲೋದ ಗಂಡಸು ಅದೇ ಸ್ಥಿತಿಗೆ ಬರಬೇಕಾದರೆ ಮೂರೂವರೆ ಲೀಟರಿಗಿಂತ ಹೆಚ್ಚು ನೀರು ಕಳೆದುಕೊಳ್ಳಬೇಕು. ಮಗು ಬೇಗ ಬಾಡುವುದು ಇದಕ್ಕೇ. ಅದರ ಟ್ಯಾಂಕೇ ಚಿಕ್ಕದು.

ತಂಗಿಯ ಗಂಡ ಡ್ರಿಪ್ ಹಾಕಿಸೋಣ ಅಂತ ಒತ್ತಾಯ ಮಾಡಿದ. ವೈದ್ಯರು ಒಪ್ಪಲಿಲ್ಲ. ಮಗು ಎಚ್ಚರವಾಗಿದೆ, ಬಾಯಾರಿ ಕುಡಿಯುತ್ತಿದೆ. ಇಂಥ ಮಗುವಿಗೆ ಒಂದು ಕಿಲೋ ತೂಕಕ್ಕೆ 75 ಮಿಲಿ ಲೆಕ್ಕದಲ್ಲಿ ನಾಲ್ಕು ಗಂಟೆ ಬಾಯಲ್ಲೇ ಕುಡಿಸುವುದು ಸರಿ. 8.9 ಕಿಲೋಗೆ ಸುಮಾರು 670 ಮಿಲಿ. 5 ಮಿಲಿ ಚಮಚದಲ್ಲಿ ಲೆಕ್ಕ ಹಾಕಿದರೆ 134 ಚಮಚ. ಹೆಚ್ಚುಕಡಿಮೆ ಎರಡು ನಿಮಿಷಕ್ಕೆ ಒಂದರಂತೆ.

ಆ ನಾಲ್ಕು ಗಂಟೆ ನೋಡಬೇಕಿತ್ತು. ತಂಗಿ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು ಚಮಚ ಹಿಡಿದಳು, ನಾನು ಗಡಿಯಾರ ಹಿಡಿದೆ. ಮೂವತ್ತನೆಯ ಚಮಚಕ್ಕೆ ಒಮ್ಮೆ ವಾಂತಿ. ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಎಪ್ಪತ್ತರ ಹೊತ್ತಿಗೆ ಪುಟ್ಟಿ ಚಮಚವನ್ನು ತಳ್ಳಿ ತಾಯಿಯ ಓಲೆ ಹಿಡಿದು ಎಳೆಯಲು ಶುರುಮಾಡಿದಳು. ವೈದ್ಯರು ಹಾದುಹೋಗುತ್ತಾ ಅದನ್ನು ನೋಡಿ, “ಓಹೋ, ಬಂದಳು,” ಅಂದರು. ಮಧ್ಯಾಹ್ನ 1ಕ್ಕೆ ಡೈಪರಿನೊಳಗಿನ ಟಿಶ್ಯೂ ಹಳದಿಯಾಗಿ ಒದ್ದೆಯಾಗಿತ್ತು. ತೂಕ 9.3. ಡ್ರಿಪ್ ಹಾಕಿದ್ದರೂ ಇಷ್ಟೇ ಆಗುತ್ತಿತ್ತು, ಜೊತೆಗೆ ಸೂಜಿ ಚುಚ್ಚಿಸಿಕೊಳ್ಳುವ ಗೋಳು.

ಮನೆಗೆ ಕಳಿಸುವಾಗ ಹೇಳಿದ್ದು ಮೂರು ಮಾತು. ಒಂದೊಂದು ಸಲ ಭೇದಿಯಾದ ಮೇಲೂ 50ರಿಂದ 100 ಮಿಲಿ ಒಆರ್‌ಎಸ್ (ಎರಡು ವರ್ಷ ದಾಟಿದ ಮಕ್ಕಳಾದರೆ 100ರಿಂದ 200). ಊಟ ನಿಲ್ಲಿಸುವ ಹಾಗಿಲ್ಲ. ಮತ್ತು ಜಿಂಕ್, ದಿನಕ್ಕೊಮ್ಮೆ, ಭೇದಿ ನಿಂತರೂ ಬಿಡದೆ 10ರಿಂದ 14 ದಿನ. ಜಿಂಕ್ ಪ್ರಮಾಣ ಮಗುವಿನ ವಯಸ್ಸು ನೋಡಿ ವೈದ್ಯರೇ ಹೇಳಬೇಕು. ಕರುಳಿನ ಪದರ ಬೇಗ ಕೂಡಿಕೊಳ್ಳಲು ಅದು ಸಹಾಯ ಮಾಡುತ್ತದೆ.

ಊಟದ ವಿಷಯದಲ್ಲಿ ಅಜ್ಜಿಗೂ ವೈದ್ಯರಿಗೂ ಹೊಂದಲಿಲ್ಲ. “ಹೊಟ್ಟೆಗೆ ರೆಸ್ಟ್ ಕೊಡಬೇಕಲ್ವಾ?” ಅಂತ ಅವರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕರುಳಿನ ಪದರಕ್ಕೆ ಸಿಗುವ ಆಹಾರದಲ್ಲಿ ದೊಡ್ಡ ಪಾಲು ಬರುವುದು ಅದರ ಮೇಲೆ ಹಾದುಹೋಗುವ ಊಟದಿಂದ. ಉಪವಾಸ ಹಾಕಿದರೆ ಗಾಯ ಮಾಯುವುದು ನಿಧಾನ. ಮೆತ್ತಗೆ ಬೇಯಿಸಿದ ಮಾಮೂಲಿ ಊಟ, ಸ್ವಲ್ಪ ಸ್ವಲ್ಪ, ಹೆಚ್ಚು ಸಲ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಜಾಸ್ತಿ.

“ಒಆರ್‌ಎಸ್ ಕೆಲಸ ಮಾಡ್ತಿಲ್ಲ”

ಬುಧವಾರ ಮಧ್ಯಾಹ್ನ ತಂಗಿಯ ಫೋನು. ದನಿಯಲ್ಲಿ ಅಳು. “ಬೆಳಿಗ್ಗೆಯಿಂದ ಏಳು ಸಲ. ಇಷ್ಟು ಕುಡಿಸಿದರೂ ನಿಲ್ತಾನೇ ಇಲ್ಲ.”

“ಉಚ್ಚೆ?”

“ನಾಲ್ಕು ಸಲ.”

“ಆಟ ಆಡ್ತಿದಾಳಾ?”

“ಹ್ಞೂಂ, ಪಾತ್ರೆ ಬಡೀತಿದಾಳೆ.”

ಹಾಗಾದರೆ ಕೆಲಸ ಮಾಡುತ್ತಿದೆ. ಒಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧಿಯಲ್ಲ. ಸೋರುವ ಬಿಂದಿಗೆಗೆ ಅದು ಬೆಸುಗೆಯಲ್ಲ, ಸೋರಿದಷ್ಟನ್ನು ತುಂಬುವ ನೀರು. ತೂತು ಮುಚ್ಚುವುದು ಕರುಳಿನ ಕೆಲಸ. ವೈರಸ್ಸಿನ ಭೇದಿ ಮೂರು ದಿನಕ್ಕೂ ನಿಲ್ಲಬಹುದು, ವಾರವೂ ಹಿಡಿಯಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಎರಡನೆಯ ದಿನಕ್ಕೇ ಒಆರ್‌ಎಸ್ ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಮಕ್ಕಳು ವಾರ್ಡಿಗೆ ಬರುವುದು ಹೆಚ್ಚಾಗಿ ಹೀಗೆ.

ಆ ಪುಡಿಯ ಒಳಗುಟ್ಟು ಮಾತ್ರ ಚೆಂದ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಅಲ್ಲಿ ಸೋಡಿಯಂ ಒಂಟಿಯಾಗಿ ಬಂದರೆ ಒಳಗೆ ಬಿಡುವುದಿಲ್ಲ, ಗ್ಲೂಕೋಸ್ ಒಂಟಿಯಾಗಿ ಬಂದರೂ ಇಲ್ಲ. ಜೊತೆಯಾಗಿ ಬಂದರೆ ಇಬ್ಬರೂ ಒಳಗೆ, ಅವರ ಹಿಂದೆಯೇ ನೀರು. ಭೇದಿಯಲ್ಲಿ ಉಳಿದ ದಾರಿಗಳು ಕೆಟ್ಟರೂ ಈ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತದೆ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಮುಗಿದುಹೋದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮಿನಲ್ಲಿಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರು ಡಾಕ್ಟರಲ್ಲ, ನರ್ಸಲ್ಲ. ಅಮ್ಮ, ಅಣ್ಣ, ಚಿಕ್ಕಪ್ಪ.

ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು, ಬೆರಳಲ್ಲಿ ಸವರಿ ಮಟ್ಟ ಮಾಡಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಹಾಗಾಗಿ ಪ್ಯಾಕೆಟ್ ಸಿಗುವ ತನಕ ಮಾತ್ರ.

ತಂಗಿಯ ಗಂಡ

ಇವನ ಕಥೆ ಚಿಕ್ಕದು. ಬುಧವಾರ ಬೆಳಗಿನ ಜಾವ ಶುರು, ಶುಕ್ರವಾರ ಆಫೀಸಿಗೆ ಹಾಜರು. ಆದರೆ ಆ ಎರಡು ದಿನದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದ.

ಎದ್ದ ಕೂಡಲೇ ತಂಪು ಪಾನೀಯದ ದೊಡ್ಡ ಬಾಟಲಿ. “ಶಕ್ತಿ ಬರುತ್ತೆ ಅಕ್ಕ” ಅಂದ. ಅದರಲ್ಲಿ ಸಕ್ಕರೆ ವಿಪರೀತ, ಸೋಡಿಯಂ ಇಲ್ಲವೇ ಇಲ್ಲ ಅನ್ನಬಹುದು. ಹೀರಿಕೊಳ್ಳಲಾಗದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರೆಳೆಯುತ್ತದೆ. ಅವನಿಗೆ ಭೇದಿ ಹೆಚ್ಚಾಯಿತು. ಮಕ್ಕಳಿಗಂತೂ ಇದನ್ನೂ, ಗಟ್ಟಿ ಹಣ್ಣಿನ ಜ್ಯೂಸನ್ನೂ ಕೊಡಲೇಬೇಡಿ. ಒಆರ್‌ಎಸ್ ಥರ ಕಾಣುವ ಹೆಸರಿಟ್ಟುಕೊಂಡ ಸಿಹಿ ಪಾನೀಯಗಳೂ ಇರುತ್ತಿದ್ದವು, ಈಗಲೂ ಉಳಿದಿರಬಹುದು. ಡಬ್ಬಿಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿ.

ಆಮೇಲೆ ಔಷಧಿ ಅಂಗಡಿಗೆ ಹೋದ. ಅಲ್ಲಿದ್ದವರು ಚೀಟಿಯನ್ನೂ ಕೇಳದೆ ಒಂದು ಆಂಟಿಬಯೋಟಿಕ್, ಒಂದು ಭೇದಿ ಕಟ್ಟುವ ಮಾತ್ರೆ ಕೊಟ್ಟರು. ಎರಡು ಡೋಸ್ ನುಂಗಿ, ಉಳಿದ ಕಟ್ಟುವ ಮಾತ್ರೆಯಲ್ಲಿ ಕಾಲು ಭಾಗ ಪುಟ್ಟಿಗೂ ಕೊಡೋಣವಾ ಅಂತ ಮೆಸೇಜ್ ಮಾಡಿದ. ನಾನು ಮೆಸೇಜಿಗೆ ಉತ್ತರ ಬರೆಯಲಿಲ್ಲ, ಫೋನೇ ಮಾಡಿದೆ. ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ಮಾತ್ರೆಯ ಹೆಸರು ಲೋಪೆರಮೈಡ್. ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ಜ್ವರವಿಲ್ಲದ, ರಕ್ತವಿಲ್ಲದ ನೀರುಭೇದಿಯಲ್ಲಿ ಗಟ್ಟಿಮುಟ್ಟಾದ ದೊಡ್ಡವರು ಒಂದೆರಡು ದಿನ ತೆಗೆದುಕೊಂಡರೆ ತಪ್ಪೇನಿಲ್ಲ. ಪ್ರಯಾಣವಿದ್ದರೆ ನಾನೂ ತೆಗೆದುಕೊಂಡೇನು. ಚಿಕ್ಕ ಮಕ್ಕಳಲ್ಲಿ ಕರುಳು ಚಲಿಸುವುದೇ ನಿಂತು ಹೊಟ್ಟೆ ಉಬ್ಬಬಹುದು, ಉಸಿರಾಟಕ್ಕೂ ತೊಂದರೆಯಾಗಬಹುದು. ಮಲದಲ್ಲಿ ರಕ್ತವಿದ್ದರೆ, ಜೋರು ಜ್ವರವಿದ್ದರೆ ದೊಡ್ಡವರಿಗೂ ಅದು ಬೇಡ. ಹೊರಗೆ ಹೋಗಬೇಕಾದ ರೋಗಾಣುವನ್ನು ಒಳಗೇ ಕೂಡಿ ಹಾಕಿದ ಹಾಗೆ.

ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದೇ ಇಲ್ಲ. ಅದು ಕೆಲಸಕ್ಕೆ ಬರುವುದು ಕಾಲರಾ, ರಕ್ತಭೇದಿಯಂಥ ಕೆಲವು ಕಡೆ, ಅದೂ ವೈದ್ಯರು ನೋಡಿ ಬರೆದಾಗ. ಸುಮ್ನೆ ನುಂಗಿದರೆ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಆ ಮಾತ್ರೆಯಿಂದಲೇ ಇನ್ನೊಂದು ಭೇದಿ ಶುರುವಾಗುವುದುಂಟು. ಕೆಲವು ಇ. ಕೋಲಿ ಸೋಂಕಿನಲ್ಲಿ ಕಿಡ್ನಿ ಕೆಡುವ ಅಪಾಯವನ್ನೂ ಅದು ಹೆಚ್ಚಿಸಬಹುದು.

ಇವನು ಅರ್ಧ ದಿನ ನರಳಿ, ಮೂರು ಲೀಟರ್ ಒಆರ್‌ಎಸ್ ಕುಡಿದು, ಎದ್ದು ಓಡಾಡಿದ. ಟ್ಯಾಂಕ್ ದೊಡ್ಡದಲ್ವಾ.

ಯಾರೂ ಎಣಿಸದ ಕಲಂ

ಗುರುವಾರ ನಾನು ನೆಮ್ಮದಿಯಾಗಿದ್ದೆ. ಪುಟ್ಟಿಯ ಭೇದಿ ನಾಲ್ಕು ಸಲಕ್ಕೆ ಇಳಿದಿತ್ತು. ಫೋನಿನಲ್ಲಿ ಅವಳ ಬಗ್ಗೆ ಕೇಳಿದೆ, ಅವಳಪ್ಪನ ಬಗ್ಗೆ ಕೇಳಿದೆ. ಅಜ್ಜಿ ಹೇಗಿದ್ದಾರೆ ಅಂತ ಕೇಳಲಿಲ್ಲ. ಮೊದಲ ರಾತ್ರಿಯೇ ಕೇಳಬೇಕಿತ್ತು. ಮನೆಯಲ್ಲಿ 71 ವರ್ಷದವರಿದ್ದಾರೆ, ಯಾವ ಮಾತ್ರೆ ತಗೋತಾರೆ ಅಂತ. ಮಕ್ಕಳ ವಾರ್ಡಿನ ಕಣ್ಣು ಮಕ್ಕಳನ್ನೇ ಹುಡುಕುತ್ತದೆ ಅನ್ನುವುದು ನೆಪವಷ್ಟೇ.

ಶುಕ್ರವಾರ ಬೆಳಿಗ್ಗೆ 5ಕ್ಕೆ ಅಜ್ಜಿ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದಿದ್ದರು.

ಅವರಿಗೆ ಬುಧವಾರ ಸಂಜೆಯಿಂದಲೇ ಭೇದಿ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. “ಮಗು ಮಲಗಿತ್ತು, ಇವನೂ ಮಲಗಿದ್ದ, ಅವಳು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ನಂದೇನು ಮಹಾ ಅಂತ,” ಅಂದರು ಆಮೇಲೆ. ಪದೇ ಪದೇ ಏಳಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರು. ಬಿಪಿ ಮಾತ್ರೆಗಳನ್ನು ಮಾತ್ರ ಶಿಸ್ತಾಗಿ ತೆಗೆದುಕೊಂಡಿದ್ದರು. ಅದರಲ್ಲೊಂದು ಉಚ್ಚೆ ಜಾಸ್ತಿ ಮಾಡಿಸುವ ಮಾತ್ರೆ. ಕೆಳಗಿನಿಂದ ನೀರು ಹೋಗುತ್ತಿದೆ, ಮೇಲಿನಿಂದ ಬರುತ್ತಿಲ್ಲ, ಇದ್ದದ್ದನ್ನು ಮಾತ್ರೆ ಹೊರಗೆ ಹಾಕುತ್ತಿದೆ.

ಆಸ್ಪತ್ರೆಯಲ್ಲಿ ಬಿಪಿ 84/50, ನಾಡಿ 112. ಕಿಡ್ನಿಯ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕಶ್ಮಲ) 2.1. ಹಿಂದೆ 0.9 ಇತ್ತು. ಪೊಟ್ಯಾಸಿಯಂ ಕೆಳಗೆ. ಮಾತು ಸ್ವಲ್ಪ ಗೊಂದಲ. ಮಗನನ್ನು ತಮ್ಮ ತಮ್ಮನ ಹೆಸರಿನಿಂದ ಕರೆದರು. ಈ ಸಲ ಡ್ರಿಪ್ ಬೇಕೇ ಬೇಕಿತ್ತು.

ವಯಸ್ಸಾದವರಲ್ಲಿ ನಿರ್ಜಲೀಕರಣ ಕಣ್ಣಿಗೆ ಬೀಳುವುದೇ ಕಷ್ಟ. ಚರ್ಮ ಎತ್ತಿ ನೋಡುವ ಪರೀಕ್ಷೆ ನಡೆಯುವುದಿಲ್ಲ, ಅವರ ಚರ್ಮ ಹೇಗಿದ್ದರೂ ಸಡಿಲ. ಬಾಯಾರಿಕೆಯೇ ಅವರಿಗೆ ಕಡಿಮೆ. ನೋಡಬೇಕಾದದ್ದು ಬೇರೆ: ಎದ್ದು ನಿಂತಾಗ ತಲೆ ಸುತ್ತುತ್ತದಾ, ಉಚ್ಚೆ ಕಡು ಬಣ್ಣಕ್ಕೆ ತಿರುಗಿದೆಯಾ, ನಾಲಿಗೆ ಒಣಗಿದೆಯಾ, ಮಾತು ತಪ್ಪುತ್ತಿದೆಯಾ. ಬಿಪಿ ಮಾತ್ರೆಗಳು, ಉಚ್ಚೆ ಮಾಡಿಸುವ ಮಾತ್ರೆ, ಮೆಟ್‌ಫಾರ್ಮಿನ್‌ನಂಥ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ನೋವಿನ ಮಾತ್ರೆ, ಇವುಗಳಲ್ಲಿ ಕೆಲವನ್ನು ಮೈ ಒಣಗಿದಾಗ ಒಂದೆರಡು ದಿನ ತಡೆಹಿಡಿಯಬೇಕಾಗುತ್ತದೆ. ಯಾವುದು, ಎಷ್ಟು ದಿನ ಅನ್ನುವುದನ್ನು ನೀವೇ ತೀರ್ಮಾನಿಸಬೇಡಿ. ಮೊದಲ ದಿನವೇ ಅವರ ವೈದ್ಯರಿಗೆ ಫೋನ್ ಮಾಡಿ. ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದವರು ಒಆರ್‌ಎಸ್ ಎಷ್ಟು ಕುಡಿಯಬಹುದು ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ.

ಅಜ್ಜಿಗೆ ಎರಡು ಮಾತ್ರೆ ನಿಲ್ಲಿಸಿ, ಎರಡು ದಿನ ಡ್ರಿಪ್ ಕೊಟ್ಟರು. ಭಾನುವಾರ ಕ್ರಿಯಾಟಿನಿನ್ 1.2ಕ್ಕೆ ಇಳಿಯಿತು. ಸೊಂಟ ಮುರಿದಿರಲಿಲ್ಲ. ಅಷ್ಟು ಅದೃಷ್ಟ.

ಬಂದದ್ದು ಎಲ್ಲಿಂದ

ಪರೀಕ್ಷೆ ಮಾಡಿಸಲಿಲ್ಲ. ಇಂಥ ಭೇದಿಯಲ್ಲಿ ರೋಗಾಣುವಿನ ಹೆಸರು ಗೊತ್ತಾದರೂ ಚಿಕಿತ್ಸೆ ಬದಲಾಗುವುದಿಲ್ಲ. ಆದರೆ ದಿನಾಂಕ ಜೋಡಿಸಿದರೆ ದಾರಿ ಕಾಣುತ್ತದೆ. ಶನಿವಾರ ಸಂಜೆ ಪುಟ್ಟಿಯ ಜೊತೆ ಆಡಿದ ಮಗು ಅಲ್ಲೇ ವಾಂತಿ ಮಾಡಿತ್ತಂತೆ. ಎರಡು ದಿನದೊಳಗೆ ಪುಟ್ಟಿಗೆ, ಒಂದೂವರೆ ದಿನಕ್ಕೆ ಅವಳಪ್ಪನಿಗೆ, ಅದೇ ದಿನ ಸಂಜೆ ಅಜ್ಜಿಗೆ. ವಾಂತಿಯಿಂದ ಶುರುವಾಗಿ, 12ರಿಂದ 48 ಗಂಟೆಯ ಅಂತರದಲ್ಲಿ ಮನೆಯೊಳಗೆ ಹರಡುವುದು ನೊರೊವೈರಸ್ಸಿನ ಚಾಳಿ. ಅದರ ಕೆಲವೇ ಕಣ ಹೊಟ್ಟೆಗೆ ಹೋದರೆ ಸಾಕು, ರೋಗ ಹಿಡಿಯುತ್ತದೆ.

ಮನೆಯಲ್ಲಿ ಹುಡುಕಿದೆವು. ಡೈಪರ್ ಬದಲಿಸುತ್ತಿದ್ದದ್ದು ಹೆಚ್ಚಾಗಿ ಅಪ್ಪ ಮತ್ತು ಅಜ್ಜಿ. ಪಕ್ಕದಲ್ಲೇ ಸ್ಯಾನಿಟೈಸರ್ ಬಾಟಲಿ, ಪ್ರತಿ ಸಲವೂ ತಪ್ಪದೆ ಹಚ್ಚಿಕೊಳ್ಳುತ್ತಿದ್ದರು. ನೊರೊವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಜಗ್ಗುವುದಿಲ್ಲ. ಸೋಪು ಹಾಕಿ ಉಜ್ಜಿ, ಹರಿಯುವ ನೀರಲ್ಲಿ ತೊಳೆದರೇ ಕೈಯಿಂದ ಇಳಿಯುವುದು. ವಾಂತಿ ಬಿದ್ದ ನೆಲಕ್ಕೆ ಬ್ಲೀಚ್ ಬೇಕು. ತಂಗಿಗೆ ಬರಲಿಲ್ಲ. ಅವಳಿಗೆ ಸ್ಯಾನಿಟೈಸರಿನ ವಾಸನೆ ಆಗುವುದಿಲ್ಲ, ಮೊದಲಿಂದ ಸೋಪನ್ನೇ ಬಳಸುವವಳು. ಅದೇ ಕಾರಣ ಅಂತ ಹೇಳಲಾರೆ, ಬರೀ ಅದೃಷ್ಟವೂ ಇರಬಹುದು. ಭೇದಿ ನಿಂತ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಮಲದಲ್ಲಿ ವೈರಸ್ ಹೋಗುತ್ತಿರಬಹುದು, ಹಾಗಾಗಿ ಸೋಪಿನ ಕೆಲಸ ಅಲ್ಲಿಗೇ ಮುಗಿಯಲಿಲ್ಲ.

ಈ ಮೂವರಲ್ಲಿ ಯಾರಿಗೂ ಮಲದಲ್ಲಿ ರಕ್ತ ಇರಲಿಲ್ಲ, ಜೋರು ಜ್ವರ ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ, ಮನೆಯಲ್ಲಿ ಕಾಯುವ ಮಾತೇ ಇಲ್ಲ. ಆರು ತಿಂಗಳೊಳಗಿನ ಕೂಸು, ಹಸಿರು ವಾಂತಿ, ಕುಡಿದದ್ದೆಲ್ಲ ವಾಪಸ್ ಬರುವುದು, ಗರ್ಭಿಣಿಯರು, ಹೊಟ್ಟೆ ಕಲ್ಲಿನಂತೆ ಬಿಗಿಯುವುದು, ಇವಕ್ಕೂ ಅಷ್ಟೇ. 14 ದಿನ ದಾಟಿದರೆ ಅದನ್ನು ಬೇರೆಯೇ ಕಾಯಿಲೆಯಂತೆ ನೋಡಬೇಕು.

ಭಾನುವಾರ ಸಂಜೆ ಅಜ್ಜಿಯನ್ನು ಬಿಟ್ಟು ಬರಲು ನಾನೂ ಹೋದೆ. ಫ್ರಿಜ್ಜಿನ ಬಾಗಿಲಿಗೆ ಆ ಕಾಗದ ಇನ್ನೂ ಅಂಟಿಕೊಂಡಿತ್ತು. ಪುಟ್ಟಿಯ ಕಲಂಗಳ ಪಕ್ಕದಲ್ಲಿ ತಂಗಿ ಸ್ಕೇಲ್ ಇಟ್ಟು ಹೊಸದಾಗಿ ಗೆರೆ ಎಳೆದು ‘ಅತ್ತೆ’ ಅಂತ ಬರೆದಳು. ಅಜ್ಜಿ ನೋಡಿ ಮುಖ ಸಿಂಡರಿಸಿದರು, ಏನೂ ಅನ್ನಲಿಲ್ಲ.

ಮಾರನೆಯ ದಿನ ತಂಗಿ ಆ ಕಾಗದದ ಫೋಟೋ ಕಳಿಸಿದಳು. ಹೊಸ ಕಲಮಿನಲ್ಲಿ ಅಜ್ಜಿಯ ದುಂಡು ಅಕ್ಷರ: “6 ಗಂಟೆ, ಒಂದು ಲೋಟ. 8 ಗಂಟೆ, ಒಂದು ಲೋಟ. ರುಚಿ ಸರಿಯಿಲ್ಲ. ಪೂರ್ತಿ ಕುಡಿದೆ.”